ಕಬ್ಬಿನ ಹಾಲು: ಗಾಡಿ ಕುಡಿಯಬಹುದು, ನಾವು ಕುಡಿಯಬಾರದಂತೆ!

ಸಂಜಯನಗರದಲ್ಲಿ ಇರೋರಿಗೆ ಒಂದು ಸುಖ ಇದೆ. ಹೆಬ್ಬಾಳದ ಫ್ಲೈಓವರ್ ದಾಟಿ ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಜಿಕೆವಿಕೆ ಬಂದೇ ಬಿಡುತ್ತೆ. (ಫ್ಲೈಓವರ್ ದಾಟೋಕೆ ಎಷ್ಟು ಹೊತ್ತು ಬೇಕು ಅಂತ ಮಾತ್ರ ಕೇಳಬೇಡಿ :-) ) ಹಾಗಾಗಿ ಕೃಷಿ ಮೇಳ ಬಂದಾಗ ನಾನು ತಪ್ಪಿಸಲ್ಲ. ಎಷ್ಟಾದರೂ ಮಂಡ್ಯ ಜಿಲ್ಲೆಯವನು. ಕೋಡ್ ಬರೆದು ಹೊಟ್ಟೆ ಹೊರೆದರೂ ಟ್ರ್ಯಾಕ್ಟರ್ ಕಂಡರೆ ನಿಂತು ನೋಡೋ ಚಟ ಬಿಟ್ಟಿಲ್ಲ.

ಕಳೆದ ಸಲ ಹೋದಾಗ ಎಲ್ಲಿ ನೋಡಿದರೂ ಒಂದೇ ಪದ, "ಮೌಲ್ಯವರ್ಧನೆ". ಹಲಸಿನ ಚಿಪ್ಸು, ಸಿರಿಧಾನ್ಯದ ಬಿಸ್ಕತ್ತು, ನೆಲ್ಲಿಕಾಯಿ ಕ್ಯಾಂಡಿ.. ಬೆಳೆದದ್ದನ್ನು ಹಾಗೇ ಮಾರಬೇಡಿ, ಏನಾದರೂ ಮಾಡಿ ಮಾರಿ ಅಂತ. ಒಳ್ಳೆಯ ಮಾತೇ. ಒಂದು ಬೆಲ್ಲದ ಅಂಗಡಿ ಮುಂದೆ ನಿಂತೆ. ಬೆಲ್ಲದ ಪುಡಿ, ಶುಂಠಿ ಬೆಲ್ಲ, ಏಲಕ್ಕಿ ಬೆಲ್ಲ, ಬಾಟಲಿಯಲ್ಲಿ ಜೋನಿಬೆಲ್ಲ. ನಾನು ಸುಮ್ಮನಿರಲಾರದೆ, "ಸಾರ್, ಕಬ್ಬಿನ ಹಾಲಿಂದ ರಮ್ ಮಾಡಬಹುದಲ್ವಾ? ಅದಕ್ಕಿಂತ ಮೌಲ್ಯವರ್ಧನೆ ಬೇಕಾ?" ಅಂದೆ. ಆ ಮನುಷ್ಯ ಒಂದು ಸಲ ಎಡಕ್ಕೆ ನೋಡಿದ, ಒಂದು ಸಲ ಬಲಕ್ಕೆ ನೋಡಿದ, ಆಮೇಲೆ ನಕ್ಕು, "ಮೆಲ್ಲಗೆ ಮಾತಾಡಿ ಸಾರ್" ಅಂದ!

ನಾನು ಕೇಳಿದ್ದು ಗಾಂಜಾ ಬಗ್ಗೆ ಅಲ್ಲ ಸ್ವಾಮೀ. ಬೆಂಗಳೂರಿನ ಪ್ರತಿ ರಸ್ತೆಯಲ್ಲೂ ಹತ್ತು ಕಡೆ ಮಾರೋ, ಸರ್ಕಾರವೇ ಸಗಟು ವ್ಯಾಪಾರ ಮಾಡೋ ಒಂದು ಪದಾರ್ಥದ ಬಗ್ಗೆ. ಅದನ್ನು ಕುಡಿಯೋದಕ್ಕೆ ಯಾರಿಗೂ ಮೆಲ್ಲಗೆ ಮಾತಾಡೋ ಅಗತ್ಯ ಇಲ್ಲ. ಕಬ್ಬು ಬೆಳೆಯುವವನೇ ಅದನ್ನು ಮಾಡೋ ಮಾತು ಬಂದಾಗ ಮಾತ್ರ ದನಿ ತಗ್ಗಬೇಕು. ಯಾಕೆ? ಅವತ್ತಿನಿಂದ ತಲೆ ಕೊರೀತಿರೋದು ಇದೇ ಪ್ರಶ್ನೆ.

ಮೊದಲು ನನ್ನ ಸ್ವಾರ್ಥ ಹೇಳಿಬಿಡ್ತೀನಿ. ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನದೊಂದು ಆಲೆಮನೆ ಇತ್ತು. "ಇತ್ತು" ಅನ್ನಬೇಕೋ "ಇದೆ" ಅನ್ನಬೇಕೋ ಗೊತ್ತಾಗ್ತಿಲ್ಲ. ಗಾಣ ಇದೆ, ಕೊಪ್ಪರಿಗೆ ಇದೆ, ಒಲೆ ಇದೆ, ಎರಡು ವರ್ಷದಿಂದ ಬೆಂಕಿ ಇಲ್ಲ. ಕೂಲಿಯವರು ಸಿಗಲ್ಲ, ಸಿಕ್ಕರೆ ಕೂಲಿ ಗಿಟ್ಟಲ್ಲ. ಸಕ್ಕರೆ ಬೆರೆಸಿ, ಬಣ್ಣ ಬರಲಿ ಅಂತ ಕೆಮಿಕಲ್ ಸುರಿದು ಹಳದಿ ಬೆಲ್ಲ ಮಾಡೋರ ಮುಂದೆ ಚಿಕ್ಕಪ್ಪನ ಕಂದು ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ರೇಟು ಬರಲ್ಲ. ಒಂದು ಟನ್ ಕಬ್ಬು ಅರೆದರೆ ಸುಮಾರು ಒಂದು ಕ್ವಿಂಟಲ್ ಬೆಲ್ಲ. ಅದನ್ನು ಮಾರಿ ಕೂಲಿ ಕೊಟ್ಟ ಮೇಲೆ ಉಳಿಯೋದಕ್ಕಿಂತ ಕಬ್ಬನ್ನು ಹಾಗೇ ಕಾರ್ಖಾನೆಗೆ ಸಾಗಿಸೋದೇ ವಾಸಿ ಅಂತ ಚಿಕ್ಕಪ್ಪ ಕೈ ತೊಳೆದುಕೊಂಡರು. ಕಾರ್ಖಾನೆಯವರು ಯಾವಾಗ ಕಟಾವಿಗೆ ಬರ್ತಾರೆ, ಯಾವಾಗ ದುಡ್ಡು ಕೊಡ್ತಾರೆ ಅನ್ನೋದು ಬೇರೆ ಪುರಾಣ.

ಈಗ ವಿಷಯಕ್ಕೆ ಬರ್ತೀನಿ. ನಾವು ರಮ್ ಅಂತ ಕುಡಿಯೋದು ಏನು? ಕಾರ್ಖಾನೆಯಲ್ಲಿ ಕಬ್ಬಿನಿಂದ ಸಕ್ಕರೆಯನ್ನೆಲ್ಲ ಹಿಂಡಿ ತೆಗೆದ ಮೇಲೆ ಕಪ್ಪಗೆ, ಅಂಟಂಟಾಗಿ ಒಂದು ಪಾಕ ಉಳಿಯುತ್ತೆ. ಅದೇ ಕಾಕಂಬಿ. ಅದನ್ನು ಹುದುಗಿಸಿ, ದೊಡ್ಡ ದೊಡ್ಡ ಕಾಲಂಗಳಲ್ಲಿ ಬಟ್ಟಿ ಇಳಿಸಿ, ವಾಸನೆ ರುಚಿ ಎಲ್ಲ ಹೋಗೋ ತನಕ ಶುದ್ಧ ಮಾಡಿದರೆ ಬರೋದು ಇಎನ್‌ಎ, ಅಂದರೆ ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್. ಹೆಸರೇ ಹೇಳುತ್ತಲ್ಲ, ನ್ಯೂಟ್ರಲ್! ಅದಕ್ಕೆ ನೀರು, ಸುಟ್ಟ ಸಕ್ಕರೆಯ ಬಣ್ಣ, ಒಂದಿಷ್ಟು ಪರಿಮಳ ಸೇರಿಸಿದರೆ ನಮ್ಮ ಅಗ್ಗದ ರಮ್ ರೆಡಿ. ಬೇರೆ ಪರಿಮಳ ಸೇರಿಸಿದರೆ ಬ್ರಾಂದಿ. ಇನ್ನೊಂದು ಸೇರಿಸಿದರೆ ವಿಸ್ಕಿ! ಕಾಕಂಬಿಯಿಂದ ಮಾಡಿದ ನಮ್ಮ ವಿಸ್ಕಿಯನ್ನು ಯೂರೋಪಿನಲ್ಲಿ ವಿಸ್ಕಿ ಅಂತ ಮಾರೋ ಹಾಗೇ ಇಲ್ಲ, ಧಾನ್ಯದಿಂದ ಮಾಡಿದ್ದಕ್ಕೆ ಮಾತ್ರ ಅಲ್ಲಿ ಆ ಹೆಸರು. ನಮ್ಮ ಸರ್ಕಾರಿ ಭಾಷೆಯಲ್ಲಿ ಇದಕ್ಕೆಲ್ಲ ಸೇರಿ ಇರೋ ಹೆಸರು ಇನ್ನೂ ಚೆಂದ: "ಇಂಡಿಯನ್ ಮೇಡ್ ಫಾರಿನ್ ಲಿಕರ್". ನಮ್ಮೂರಿನ ಕಬ್ಬು, ನಮ್ಮೂರಿನ ನೀರು, ನಮ್ಮೂರಿನ ಕಾರ್ಖಾನೆ.. ಆದರೂ ಫಾರಿನ್ನು!

ಕಾಕಂಬಿ ಬಿಟ್ಟು ನೇರವಾಗಿ ಕಬ್ಬಿನ ಹಾಲನ್ನೇ ಹುದುಗಿಸಿ ಬಟ್ಟಿ ಇಳಿಸಿದರೆ ಬರೋದೇ ಬೇರೆ. ಹುಲ್ಲಿನ, ಹಸಿ ಕಬ್ಬಿನ ಘಮ ಅದರಲ್ಲಿ ಉಳಿದಿರುತ್ತೆ. ಬ್ರೆಜಿಲ್ಲಿನವರ ಕಶಾಸ ಇದೇ. ಫ್ರೆಂಚರ ಮಾರ್ಟಿನಿಕ್ ದ್ವೀಪದ "ಅಗ್ರಿಕೋಲ್" ರಮ್ ಇದೇ. 1996ರಲ್ಲೇ ಮಾರ್ಟಿನಿಕ್‌ನ ರಮ್ಮಿಗೆ ಶಾಂಪೇನಿಗೆ ಇರೋ ಹಾಗೆ ಊರಿನ ಹೆಸರಿನ ಕಾನೂನು ರಕ್ಷಣೆ ಸಿಕ್ಕಿತು. ಅಲ್ಲಿನ ಕಬ್ಬು, ಅಲ್ಲಿನ ಹಾಲು, ಅಲ್ಲಿನ ಬಟ್ಟಿ. "ಅಗ್ರಿಕೋಲ್" ಅಂದರೆ ಕೃಷಿಯದು ಅಂತ ಅರ್ಥ. ಅವರಿಗೆ ರಮ್ ಅನ್ನೋದು ಬೇಸಾಯದ ಭಾಗ. ನಮಗೆ ಅಬಕಾರಿಯ ಭಾಗ.

"ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ" ಅನ್ನೋರಿಗೆ ಒಂದು ಮಾತು. ಮನುಸ್ಮೃತಿಯಲ್ಲಿ ಸುರೆ ಮೂರು ಬಗೆ ಅಂತ ಲೆಕ್ಕ ಕೊಟ್ಟಿದೆ, ಅದರಲ್ಲಿ ಮೊದಲನೆಯದು "ಗೌಡಿ", ಅಂದರೆ ಬೆಲ್ಲದಿಂದ ಮಾಡಿದ್ದು. ಕುಡಿಯಬೇಡಿ ಅಂತ ಹೇಳೋಕೇ ಲೆಕ್ಕ ಕೊಟ್ಟಿರೋದು, ಒಪ್ಪಿದೆ. ಆದರೆ ಇಲ್ಲದ ವಸ್ತುವನ್ನು ಯಾರೂ ನಿಷೇಧಿಸಲ್ಲ ಅಲ್ವಾ? :-) ಕಬ್ಬಿನ ಹಾಲನ್ನು ಹುಳಿಸಿ ಮಾಡೋ "ಸೀಧು" ಆಯುರ್ವೇದದ ಗ್ರಂಥಗಳಲ್ಲೂ ಇದೆ. ಅವೆಲ್ಲ ಹುದುಗಿಸಿದ ಪೇಯಗಳು, ರಮ್ ಅಲ್ಲ. ಕಬ್ಬು ಮತ್ತು ಮದ್ಯದ ನಂಟು ಬ್ರಿಟಿಷರು ತಂದದ್ದಲ್ಲ ಅನ್ನೋಕೆ ಮಾತ್ರ ಇಷ್ಟು ಹೇಳಿದೆ.

ಹಾಗಾದರೆ ಈಗ ನಮ್ಮಲ್ಲಿ ಯಾರೂ ಮಾಡ್ತಿಲ್ವಾ ಅಂದರೆ, ಮಾಡ್ತಿದ್ದಾರೆ. 2022ರಲ್ಲಿ ಹರಿಯಾಣದ ಒಂದು ದೊಡ್ಡ ಕಂಪನಿ "ಕಾಮಿಕಾರ" ಅಂತ ಕಬ್ಬಿನ ಹಾಲಿನ ರಮ್ಮನ್ನು ಹನ್ನೆರಡು ವರ್ಷ ಪೀಪಾಯಿಯಲ್ಲಿಟ್ಟು ಮಾರುಕಟ್ಟೆಗೆ ತಂದಿತು. 2024ರಲ್ಲಿ ನಮ್ಮ ನಂಜನಗೂಡಿನಿಂದಲೇ "ಹುಲಿ" ಬಂತು, ಬೆಲ್ಲದಿಂದ ಇಳಿಸಿದ ಮದ್ಯ. ಮೈಸೂರು ಕಡೆಯ ಇಬ್ಬರು ಗೆಳೆಯರು ವರ್ಷಗಟ್ಟಲೆ ಓಡಾಡಿ ಮಾಡಿದ ಸಾಹಸ ಅದು. 2025ರಲ್ಲಿ ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು "ಬೆಲ್ಲ" ಅಂತಲೇ ಹೆಸರಿಟ್ಟು ಬೆಲ್ಲದ ರಮ್ ತಂದರು. ಖುಷಿಯ ವಿಷಯ. ಮಾಡಿದರೆ ಆಗುತ್ತೆ, ಕೊಳ್ಳೋರೂ ಇದ್ದಾರೆ ಅನ್ನೋದು ಸಾಬೀತಾಯ್ತು.

ಆದರೆ ಗಮನಿಸಿ, ನಮ್ಮ ರಾಜ್ಯದ ಇವೆರಡೂ ಬೆಲ್ಲದ್ದು, ಹಾಲಿನದ್ದಲ್ಲ. ಬೆಲ್ಲವನ್ನು ಮೂಟೆ ಕಟ್ಟಿ ಎಲ್ಲಿಗೆ ಬೇಕಾದರೂ ಸಾಗಿಸಬಹುದು, ತಿಂಗಳುಗಟ್ಟಲೆ ಇಡಬಹುದು. ಕಬ್ಬಿನ ಹಾಲು ಕಾಯಲ್ಲ! ಕಬ್ಬು ಕಡಿದ ಗಳಿಗೆಯಿಂದಲೇ ಅದರೊಳಗಿನ ಸಕ್ಕರೆ ಒಡೆಯೋಕೆ ಶುರು, ಅರೆದ ಹಾಲು ಕೆಲವೇ ಗಂಟೆಗಳಲ್ಲಿ ತಾನಾಗಿಯೇ ಹುಳಿ ಬರುತ್ತೆ. ಹಾಗಾಗಿ ಹಾಲಿನ ರಮ್ ಮಾಡಬೇಕಾದರೆ ಗಾಣ ಗದ್ದೆಯ ಪಕ್ಕದಲ್ಲಿರಬೇಕು, ಬಟ್ಟಿ ಗಾಣದ ಪಕ್ಕದಲ್ಲಿರಬೇಕು. ಗದ್ದೆಯ ಪಕ್ಕದಲ್ಲಿ ಗಾಣ, ಒಲೆ, ಕೊಪ್ಪರಿಗೆ, ಉರುವಲಿಗೆ ಒಣಗಿದ ಕಬ್ಬಿನ ಸಿಪ್ಪೆ ಎಲ್ಲಾ ರೆಡಿ ಇರೋ ಜಾಗ ಯಾವುದು? ಆಲೆಮನೆ! ಇಡೀ ವ್ಯಾಪಾರದಲ್ಲಿ ಸಣ್ಣ ರೈತನಿಗೆ ದೊಡ್ಡ ಕಂಪನಿಗಿಂತ ಅನುಕೂಲ ಇರೋದು ಇದೊಂದೇ ಜಾಗದಲ್ಲಿ. ಅಲ್ಲಿಗೇ ನಾವು ಬೀಗ ಹಾಕಿದ್ದೀವಿ.

ಈಗ ಲೆಕ್ಕ. ಇಂಜಿನಿಯರ್ ಬರೆದ ಮೇಲೆ ಲೆಕ್ಕ ಇಲ್ಲದೆ ಹೇಗೆ?

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ರಸ್ತೆಗಿಳಿದು ಟನ್ನಿಗೆ 3,500 ರೂಪಾಯಿ ಕೇಳಿದ್ದು ನೆನಪಿರಬೇಕು. ಕೊನೆಗೆ ಸರ್ಕಾರ ಮಧ್ಯೆ ಬಂದು 3,300ಕ್ಕೆ ಒಪ್ಪಿಸಿತು, ಅದೂ ಸಕ್ಕರೆ ಇಳುವರಿ ಶೇ. 11.25 ಇದ್ದರೆ. ನಮ್ಮ ಮಂಡ್ಯ ಕಡೆ ಅಷ್ಟು ಇಳುವರಿ ಬರಲ್ಲ. ಇರಲಿ, 3,300 ಅಂತಲೇ ಇಟ್ಟುಕೊಳ್ಳೋಣ.

ಒಂದು ಟನ್ ಕಬ್ಬಿನ ಹಾಲನ್ನು ನೇರವಾಗಿ ಹುದುಗಿಸಿದರೆ ದೊಡ್ಡ ಕಾರ್ಖಾನೆಯಲ್ಲಿ ಸುಮಾರು 70 ಲೀಟರ್ ಆಲ್ಕೋಹಾಲ್ ಸಿಗುತ್ತೆ. (ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದಾದರೆ ಹತ್ತು ಹನ್ನೊಂದು ಲೀಟರ್ ಅಷ್ಟೇ.) ಹಳ್ಳಿಯ ಸಣ್ಣ ಬಟ್ಟಿಯಲ್ಲಿ ನಷ್ಟ ಜಾಸ್ತಿ, 50 ಲೀಟರ್ ಅನ್ನೋಣ. ನಮ್ಮ ಬಾಟಲಿಗಳಲ್ಲಿರೋ ಶೇ. 42.8ರ ಲೆಕ್ಕಕ್ಕೆ ನೀರು ಬೆರೆಸಿದರೆ ಸುಮಾರು 116 ಲೀಟರ್. 750 ಎಂಎಲ್ ಬಾಟಲಿ 155 ಆಯ್ತು. 3,300ನ್ನು 155ರಿಂದ ಭಾಗಿಸಿ. ಒಂದು ಬಾಟಲಿಯಲ್ಲಿ ರೈತನ ಪಾಲು 21 ರೂಪಾಯಿ!

ಸಂಜಯನಗರ ಮೇನ್ ರೋಡಿನಲ್ಲಿ ಐಸ್ ಹಾಕಿ ನಿಂಬೆಹಣ್ಣು ಹಿಂಡಿದ ಒಂದು ಲೋಟ ಕಬ್ಬಿನ ಹಾಲಿಗೆ ನಾನು ಕೊಡೋದು ಇದಕ್ಕಿಂತ ಹೆಚ್ಚು. ಹಾಗಾದರೆ ಒಳ್ಳೆಯ ರಮ್ಮಿಗೆ ಎರಡು ಸಾವಿರ ಕೊಡೋ ಗಿರಾಕಿಯ ದುಡ್ಡಿನಲ್ಲಿ ರೈತನಿಗೆ ಕಬ್ಬಿನ ಬೆಲೆ ಎರಡು ಪಟ್ಟು ಕೊಟ್ಟರೂ ಬಾಟಲಿಗೆ ಹೆಚ್ಚಾಗೋದು ಇಪ್ಪತ್ತೊಂದು ರೂಪಾಯಿ. ಗುರ್ಲಾಪುರದ ರೈತರು ಬೀದಿಯಲ್ಲಿ ಮಲಗಿದ್ದು ಟನ್ನಿಗೆ ಇನ್ನೂರು ಮುನ್ನೂರು ರೂಪಾಯಿಗೆ. ಈ ಬಾಟಲಿಯ ಲೆಕ್ಕದಲ್ಲಿ ಅದು ಒಂದೆರಡು ರೂಪಾಯಿ! ಬಟ್ಟಿ ರೈತನದ್ದೇ ಆಗಿದ್ದರೆ ತೆರಿಗೆ, ಬಾಟಲಿ, ಅಂಗಡಿಯವರ ಕಮಿಷನ್ ಎಲ್ಲಾ ಕಳೆದು ಉಳಿಯೋದೂ ಅವನದ್ದೇ. ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಕಾಯಬೇಕು ಅಂತಲೂ ಇಲ್ಲ. ಕಶಾಸದಲ್ಲಿ ಬಹಳಷ್ಟು ಪೀಪಾಯಿ ಕಾಣದೆ ಬಿಳಿಯಾಗಿಯೇ ಮಾರಾಟವಾಗುತ್ತೆ.

ಇದಕ್ಕೆ ಕಾನೂನಿನ ದಾರಿ ಇಲ್ಲವೇ ಅಂದರೆ, ದಾರಿ ಮಾಡೋದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು. 2007ರಲ್ಲಿ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ದ್ರಾಕ್ಷಿ ಬೆಳೆಗಾರರಿಗೆ ಒಳ್ಳೇದಾಗಲಿ ಅಂತ. ಆಮೇಲೆ ಅದಕ್ಕೊಂದು ವೈನ್ ಬೋರ್ಡು. ಇಲ್ಲಿಂದ ಬಳ್ಳಾರಿ ರಸ್ತೆ ಹಿಡಿದು ನಂದಿ ಬೆಟ್ಟದ ಕಡೆ, ದೊಡ್ಡಬಳ್ಳಾಪುರದ ಕಡೆ ಹೋದರೆ ದ್ರಾಕ್ಷಿತೋಟದ ಮಧ್ಯೆ ಕೂತು ವೈನ್ ರುಚಿ ನೋಡಬಹುದು, ನಮ್ಮ ಆಫೀಸಿನ ಟೀಮ್ ಔಟಿಂಗ್ ಆಗಿದ್ದೂ ಅಂಥದ್ದೇ ಒಂದು ಕಡೆ. 2010ರಲ್ಲಿ ಮೈಕ್ರೋಬ್ರೂವರಿ ನಿಯಮ ಬಂತು, ಈಗ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲಿ ಹೋಟೆಲಿನೊಳಗೇ ಬಿಯರ್ ಕಾಯಿಸ್ತಾರೆ. ದ್ರಾಕ್ಷಿಗೆ ನೀತಿ ಉಂಟು, ಬಾರ್ಲಿಗೆ ನಿಯಮ ಉಂಟು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ಜಿಲ್ಲೆಗೆ ಜಿಲ್ಲೆಯೇ ನಂಬಿಕೊಂಡಿರೋ ಕಬ್ಬಿಗೆ ಅಂಥ ಒಂದು ನೀತಿ ಇಲ್ಲ. ಆಲೆಮನೆಯಲ್ಲಿ ಹುಳಿ ಬಂದ ಬೆಲ್ಲದ ನೀರು ಸಿಕ್ಕರೆ ಮಾರನೇ ದಿನ ಪೇಪರಿನಲ್ಲಿ "ಬೆಲ್ಲದ ಕೊಳೆ ವಶ, ಒಬ್ಬನ ಬಂಧನ"!

ಇನ್ನೂ ಒಂದು ತಮಾಷೆ ಕೇಳಿ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಕಬ್ಬಿನ ಹಾಲಿನಿಂದ ನೇರವಾಗಿ ಎಥನಾಲ್ ಮಾಡಬಹುದು ಅಂದಿತು. 2023ರ ಡಿಸೆಂಬರಿನಲ್ಲಿ ಸಕ್ಕರೆ ಕಡಿಮೆಯಾದೀತು ಅಂತ ಅದಕ್ಕೆ ತಡೆ, 2024ರ ಆಗಸ್ಟಿನಲ್ಲಿ ತಡೆ ತೆರವು. ಕಬ್ಬಿನ ಹಾಲಿನ ಎಥನಾಲಿಗೆ ಸರ್ಕಾರ ಕಟ್ಟಿರೋ ಬೆಲೆ ಲೀಟರಿಗೆ 65 ರೂಪಾಯಿ 61 ಪೈಸೆ. ಎಥನಾಲ್ ಅಂದರೆ ಬೇರೆ ಏನೂ ಅಲ್ಲ, ಅದೇ ಆಲ್ಕೋಹಾಲ್. ಪಾಂಡವಪುರದ ಕಬ್ಬಿನ ಹಾಲು ಕಾರ್ಖಾನೆಗೆ ಹೋಗಿ, ಎಥನಾಲ್ ಆಗಿ, ಶೇ. 20ರ ಲೆಕ್ಕದಲ್ಲಿ ಪೆಟ್ರೋಲಿಗೆ ಬೆರೆತು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತ ನನ್ನ ಬೈಕಿನಲ್ಲಿ ಉರಿದುಹೋಗಬಹುದು. ಗಾಡಿ ಕುಡಿಯಬಹುದು. ಅದೇ ಹಾಲನ್ನು ರೈತ ತನ್ನ ಗದ್ದೆಯಲ್ಲಿ ಇಳಿಸಿ, ಹೆಸರಿಟ್ಟು, ಹತ್ತು ಪಟ್ಟು ಬೆಲೆಗೆ ಮಾರಿದರೆ ಅಪರಾಧ.

ಈಗ ಬರೋ ಆಕ್ಷೇಪಗಳು.

"ಕಳ್ಳಭಟ್ಟಿ ಕುಡಿದು ಜನ ಸಾಯ್ತಾರೆ". 1981ರಲ್ಲಿ ಇದೇ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಹೊಸೂರು ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ. ಎರಡನೆಯದು ನಡೆದಾಗ 2007ರ ಜುಲೈ 1ರ ಸಾರಾಯಿ ನಿಷೇಧಕ್ಕೆ ಒಂದು ವರ್ಷವೂ ತುಂಬಿರಲಿಲ್ಲ ಅನ್ನೋದು ನೆನಪಿರಲಿ. ಇಂಥ ದುರಂತಗಳಲ್ಲಿ ಕೊಲ್ಲೋದು ಮೆಥನಾಲ್, ಕಾರ್ಖಾನೆಗಳಲ್ಲಿ ಬಳಸೋ ವಿಷ. ಕಿಕ್ ಬರಲಿ, ಅಗ್ಗವಾಗಲಿ ಅಂತ ದುರಾಸೆಗೆ ಬಿದ್ದು ಬೆರೆಸೋದು. ಕಬ್ಬಿನ ಹಾಲು ಹುದುಗಿದರೆ ಮೆಥನಾಲ್ ಹುಟ್ಟೋದು ತೀರಾ ಕಡಿಮೆ, ಯಾಕಂದರೆ ಅದು ಹುಟ್ಟೋದು ಹಣ್ಣುಗಳಲ್ಲಿ ಹೆಚ್ಚಿರೋ ಪೆಕ್ಟಿನ್‌ನಿಂದ. ಲೈಸೆನ್ಸು, ಲ್ಯಾಬ್ ಪರೀಕ್ಷೆ, ಬಾಟಲಿಯ ಮೇಲೆ ವಿಳಾಸ ಇರೋ ಕಡೆ ವಿಷ ಬೆರೆಸೋದು ಕಷ್ಟ. ಕತ್ತಲಲ್ಲಿ ಮಾಡಿಸಿದರೆ ಸುಲಭ.

"ತೆರಿಗೆ ಸೋರಿಹೋಗುತ್ತೆ". ಅಯ್ಯೋ, ಇದಕ್ಕೆ ನಮ್ಮಂಥೋರು ಯಾಕಿರೋದು? ಬಟ್ಟಿಯ ಬಾಯಿಗೊಂದು ಫ್ಲೋ ಮೀಟರ್, ಬಾಟಲಿಗೊಂದು ಕೋಡ್. ಮೈಕ್ರೋಬ್ರೂವರಿಯ ಲೆಕ್ಕ ಇಡೋಕೆ ಗೊತ್ತಿರೋ ಇಲಾಖೆಗೆ ಇದೇನು ಬ್ರಹ್ಮವಿದ್ಯೆಯಲ್ಲ.

"ಕಬ್ಬು ನೀರು ಕುಡಿಯೋ ಬೆಳೆ, ಕಾವೇರಿಯಲ್ಲಿ ನೀರೆಲ್ಲಿದೆ?" ಇದು ಸರಿಯಾದ ಮಾತು. ಅದಕ್ಕೇ ಹೇಳೋದು, ಟನ್ ಲೆಕ್ಕದಲ್ಲಿ ಬೆಳೆದು ಟನ್ ಲೆಕ್ಕದಲ್ಲಿ ಮಾರೋ ತನಕ ರೈತ ಕಬ್ಬು ಕಡಿಮೆ ಮಾಡಲ್ಲ. ಅರ್ಧ ಎಕರೆಯಲ್ಲಿ ಎರಡೆಕರೆಯ ಆದಾಯ ಬಂದರೆ ಉಳಿದ ಒಂದೂವರೆ ಎಕರೆಗೆ ರಾಗಿ ಹಾಕಿಯಾನು.

"ಕುಡಿತ ಹೆಚ್ಚಾಗುತ್ತೆ". ಈ ಮಾತನ್ನು ಸರ್ಕಾರದ ಬಾಯಲ್ಲಿ ಕೇಳೋಕೆ ನಾನು ತಯಾರಿಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ಬರಬೇಕು ಅಂತ ಗುರಿ ಇಟ್ಟುಕೊಂಡವರು ಇದೇ ಸರ್ಕಾರ. ಗುರಿ ಇಟ್ಟುಕೊಂಡು ಕುಡಿಸೋರು ನೀತಿಪಾಠ ಹೇಳಬಾರದು.

ಆದರೆ ಇದೇ ಮಾತನ್ನು ನಮ್ಮಜ್ಜಿ ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮುಂದೆ ಈ ಲೆಕ್ಕವನ್ನೆಲ್ಲ ಒಪ್ಪಿಸ್ತಿದ್ದೆ. ಎಳ್ಳು ಬೀರೋಕೆ ಬೆಲ್ಲ ಹೆಚ್ಚುತ್ತಾ ಕೂತಿದ್ದ ಅಜ್ಜಿ ತಲೆ ಎತ್ತದೆ, "ನಿಮ್ ತಾತ ಕುಡ್ದು ಕುಡ್ದೇ ಹೋದ್ರು ಕಣಪ್ಪ. ಕಬ್ಬಿನ ದುಡ್ಡು ಬಂದ ದಿನ ಮನೆಗೆ ಬತ್ತಿರ್ನಿಲ್ಲ. ಈಗ ಓದಿರೋ ಮೊಮ್ಮಗ ನೀನು ಕಬ್ಬನ್ನೇ ಸಾರಾಯಿ ಮಾಡ್ತೀನಿ ಅಂತೀಯಲ್ಲ" ಅಂದರು. ಚಿಕ್ಕಪ್ಪ ಎದ್ದು ಹೊರಗೆ ಹೋದರು. ನಾನು ಸುಮ್ಮನಾದೆ.

ತಾತನನ್ನು ನಾನು ನೋಡಿಲ್ಲ. ಅವರು ಕುಡಿದದ್ದು ಪ್ಯಾಕೆಟ್ ಸಾರಾಯಿ. ಸರ್ಕಾರ ಹರಾಜು ಹಾಕಿ ಗುತ್ತಿಗೆ ಕೊಟ್ಟು, ಹಳ್ಳಿ ಹಳ್ಳಿಗೆ ಸಾಗಿಸಿ ಮಾರಿಸಿದ್ದು. ಅದನ್ನು ನಿಲ್ಲಿಸಿ ಅಂತ ಬೀದಿಗಿಳಿದ ಹೆಂಗಸರು ನಮ್ಮಜ್ಜಿಯಂಥವರೇ, ಅವರು ಮಾಡಿದ್ದು ಸರಿ ಅಂತಲೇ ನಾನು ಹೇಳೋದು. ಹಾಗಾಗಿ ಅಗ್ಗದ ಸಾರಾಯಿ ವಾಪಸ್ ತನ್ನಿ ಅಂತ ನಾನು ಕೇಳ್ತಿಲ್ಲ. ಪ್ಯಾಕೆಟ್ ಬೇಡ, ಕ್ವಾರ್ಟರ್ ಬಾಟಲಿಯೂ ಬೇಡ. ಮಾಡಿದ ಹಳ್ಳಿಯಲ್ಲೇ ಮಾರಾಟ ಬೇಡ. ಗ್ರಾಮಸಭೆ, ಅದರಲ್ಲೂ ಊರಿನ ಹೆಂಗಸರು ಬೇಡ ಅಂದ ಕಡೆ ಲೈಸೆನ್ಸೇ ಬೇಡ. ಬೆಲೆ ಜಾಸ್ತಿಯೇ ಇರಲಿ, ಕುಡಿಯೋರು ಬೆಂಗಳೂರಿನಲ್ಲಿ ಸಂಬಳ ಎಣಿಸೋ ನಮ್ಮಂಥವರು ಇರಲಿ. ನಾವು ಹೇಗೂ ಕುಡೀತಿದ್ದೀವಿ, ಆ ದುಡ್ಡು ಸ್ಕಾಟ್ಲೆಂಡಿಗೆ ಹೋಗೋ ಬದಲು ಪಾಂಡವಪುರಕ್ಕೆ ಹೋಗಲಿ ಅನ್ನೋದಷ್ಟೇ ನನ್ನ ವಾದ.

ನಾನು ಕೇಳೋದು ಇಷ್ಟು. ವೈನಿಗೆ ಮಾಡಿದ ಹಾಗೆ ಕಬ್ಬಿನ ಹಾಲಿನ ಮದ್ಯಕ್ಕೂ ಒಂದು ನೀತಿ. ಆಲೆಮನೆ ಇರೋ ರೈತ, ಅಥವಾ ಹತ್ತು ಜನ ರೈತರ ಸಂಘ, ವರ್ಷಕ್ಕೆ ಇಂತಿಷ್ಟೇ ಲೀಟರ್ ಅಂತ ಮಿತಿ ಹಾಕಿದ ಸಣ್ಣ ಬಟ್ಟಿಗೆ ಅವರ ಕೈಗೆಟುಕೋ ಶುಲ್ಕದ ಲೈಸೆನ್ಸು. ಕಬ್ಬು ಅದೇ ಊರಿನದಾಗಿರಬೇಕು, ಹೊರಗಿಂದ ಇಎನ್‌ಎ ತಂದು ಬೆರೆಸಿದರೆ ಲೈಸೆನ್ಸ್ ರದ್ದು. ಬಾಟಲಿ ಮೇಲೆ ಊರಿನ ಹೆಸರು. ಪಕ್ಕದ ಗೋವಾದವರು ಗೇರುಹಣ್ಣಿನ ಫೆನ್ನಿಗೆ 2009ರಲ್ಲೇ ಜಿಐ ಗುರುತು ತಗೊಂಡರು. ನಾವೋ, ಮೆಲ್ಲಗೆ ಮಾತಾಡಿ ಅಂತಿದ್ದೀವಿ.

ಇಷ್ಟೆಲ್ಲ ಆದ ಮೇಲೂ ಅಜ್ಜಿ ಒಪ್ಪಲಿಕ್ಕಿಲ್ಲ. ಒಪ್ಪಲೇಬೇಕು ಅಂತ ನನಗೂ ಇಲ್ಲ, ಅವರು ಕಳಕೊಂಡದ್ದು ನನ್ನ ಲೆಕ್ಕದೊಳಗೆ ಬರಲ್ಲ.

ಹೊರಡುವಾಗ ಚಿಕ್ಕಪ್ಪ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಬಂದರು. "ಉಗಾದಿ ಕಳೀಲಿ, ಕೊಪ್ಪರಿಗೆ ಗುಜರಿಗೆ ಆಕ್ಬುಡ್ತೀನಿ ಕಣ್ಲಾ, ಸುಮ್ನೆ ತುಕ್ಕಿಡೀತಾ ಅದೆ" ಅಂದರು. ಒಂದು ವರ್ಷ ತಡೀರಿ ಚಿಕ್ಕಪ್ಪ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ನನಗೇ ಗೊತ್ತಿಲ್ಲ.

ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದಿಕೊಳ್ತೀನಿ. ಸರಿ ಅನ್ನಿಸಿದರೆ ನಿಮ್ಮೂರಿನ ಎಮ್ಮೆಲ್ಲೆ ಕಬ್ಬಿನ ಬೆಲೆ ಬಗ್ಗೆ ಭಾಷಣ ಮಾಡೋಕೆ ಬಂದಾಗ ಆ ಇಪ್ಪತ್ತೊಂದು ರೂಪಾಯಿಯ ಲೆಕ್ಕ ಕೇಳಿ. ಮೆಲ್ಲಗೆ ಅಲ್ಲ, ಜೋರಾಗಿಯೇ ಕೇಳಿ.